ಉಪ್ಪುನೀರಿನ ಜಡೆ

ದಬ್ಬಳದ ತುದಿಗೆ ಸಿಕ್ಕಿದ ಗಂಟು ಬಿಡಲೊಲ್ಲದು. ದೊಡ್ಡಮುನಿಯಮ್ಮ ಮೂಟೆ ಹೊಲಿಯುವ ಆ ದಪ್ಪ ಸೂಜಿಯನ್ನು ಹಾಗೇ ಹಿಡಿದುಕೊಂಡು, ಗಂಟಿನ ಮೇಲೆ ಇನ್ನೆರಡು ಹನಿ ಹರಳೆಣ್ಣೆ ಬಿಟ್ಟಳು. ಮುಂದೆ ಕೂತಿದ್ದ ಮೊಮ್ಮಗಳು ದಿವ್ಯ "ಅಯ್ಯಯ್ಯೋ" ಎಂದು ಕಿರುಚಿಕೊಂಡಳು.

"ಯಾಕೆ ಅಂಗೆ ಕಿರುಚ್ತೀಯ? ನಾನಿನ್ನೂ ಎಳೆದೇ ಇಲ್ಲ."

"ಎಳೆಯೋಕ್ ಮುಂಚೆ ಪ್ರಾಕ್ಟೀಸ್ ಅಜ್ಜಿ."

ಕಾಲೇಜಿನ ಟೂರ್ ಮುಗಿಸಿಕೊಂಡು ದಿವ್ಯ ಬೆಳಿಗ್ಗೆಯಷ್ಟೇ ಕಡಲಿನಿಂದ ಕ್ಯಾಸಂಬಳ್ಳಿಗೆ ಬಂದು ಇಳಿದಿದ್ದಳು. ಸೊಂಟ ದಾಟುತ್ತಿದ್ದ ಕೂದಲು ಹಕ್ಕಿ ಬಿಟ್ಟುಹೋದ ಗೂಡಿನಂತೆ ತಲೆಗೆ ಅಂಟಿಕೊಂಡಿತ್ತು. ಬಂಗಾರಪೇಟೆಯ ಗಾರ್ಮೆಂಟ್ಸ್ ಕೆಲಸಕ್ಕೆ ಹೊರಟಿದ್ದ ಅಮ್ಮ ಅರುಣಕುಮಾರಿ ಅದನ್ನು ನೋಡಿ, ಚಪ್ಪಲಿ ಮೆಟ್ಟಿದ ಕಾಲಲ್ಲೇ ನಿಂತು ತೀರ್ಪು ಕೊಟ್ಟಿದ್ದಳು. ಸಂಜೆ ಮಾರಿಕುಪ್ಪಂ ರೈಲು ಹಿಡಿದು ಅವಳು ವಾಪಸ್ ಬರುವಷ್ಟರಲ್ಲಿ ಸಿಕ್ಕು ಬಿಟ್ಟಿರಬೇಕು. ಇಲ್ಲದಿದ್ದರೆ ಕಿವಿಯ ಮಟ್ಟಕ್ಕೆ ಕತ್ತರಿ! ಹೋಗುವಾಗ ಅತ್ತೆಯ ಕಡೆಗೂ ಒಂದು ಮಾತು ಬಿಸಾಕಿದ್ದಳು. "ನಾನ್ ಕಟ್ಟಿದ್ರೆ ಒಂದೆಳೆ ಅಲ್ಲಾಡಲ್ಲ ಅಂದ್ರಲ್ಲ ಅತ್ತೆ, ನಿಮ್ ಮಾತು ನಂಬಿ ಕಳಿಸಿದ್ದಕ್ಕೆ ನೋಡಿ ಈ ಚೆಂದಾನ."

ಆ ಮಾತು ಮುದುಕಿಗೆ ಮುಳ್ಳಿನಂತೆ ನಟ್ಟಿತ್ತು. ಎತ್ತು ಕಟ್ಟಿ ನೀರೆತ್ತುವ ತವರಿನ ಕಪಿಲೆ ಬಾವಿಯಲ್ಲಿ ಈಜುತ್ತಲೇ ಬೆಳೆದವಳು ಅವಳು. ಮೊಮ್ಮಗಳು ಬಸ್ಸು ಹತ್ತುವ ದಿನ ಕೂದಲಿಗೆ ಹರಳೆಣ್ಣೆ ತಿಕ್ಕಿ, ಮೂರು ಕಾಲಿನ ಜಡೆ ಬಿಗಿಯಾಗಿ ಹೆಣೆದು, ನೆತ್ತಿಗೆ ಸುತ್ತಿ, ಹಳೇ ಸೀರೆಯ ತುಂಡಿನಲ್ಲಿ ಬಿಗಿದಿದ್ದಳು. "ಒಣಗಿದ ಕೂದ್ಲಿಗೆ ಬಾಯಾರಿಕೆ ಕಣೆ. ಇಳಿಯೋಕ್ ಮುಂಚೆ ಒಂದು ಬಾಟ್ಲಿ ಸೀನೀರು ಉಯ್ಕೋ. ಒಟ್ಟೆ ತುಂಬಿದ್ರೆ ಅದು ಉಪ್ಪುನೀರಿಗೆ ಬಾಯಿ ಬಿಡಲ್ಲ" ಎಂದೂ ಹೇಳಿ ಕಳಿಸಿದ್ದಳು. ಇವಳು ನೋಡಿದರೆ ಬಂದವಳೇ, "ನೀರಿಗೆ ಇಳಿದ ತಕ್ಷಣ ನಿನ್ ಕಟ್ಟು ಬಿಚ್ಕೊಂತು ಅಜ್ಜಿ" ಅಂದುಬಿಟ್ಟಿದ್ದಳು.

ಮಧ್ಯಾಹ್ನದ ಹೊತ್ತಿಗೆ ಅರ್ಧ ತಲೆ ಬಿಟ್ಟಿತ್ತು. ಸಂಜೆಯಾಗುತ್ತಾ ಕೊನೆಯ ಗಂಟುಗಳಿಗೆ ಬಂದಾಗ ಇದ್ದಕ್ಕಿದ್ದಂತೆ ಅಜ್ಜಿಯ ಕೈ ನಿಂತಿತು.

"ಲೇ, ಇಂಗ್ ತಿರುಗು." ಅವಳ ಅಂಗೈಯಲ್ಲಿ ಚಿಟಿಕೆ ಮರಳಿತ್ತು. "ನನ್ ಕಟ್ಟು ಸಡಿಲ ಆಗಿದ್ರೆ ಸಿಕ್ಕು ಮೇಲ್ಮೇಲೆ ಇರ್ತಿತ್ತು. ಇದು ಬುಡದಾಗಿಂದ ಬತ್ತೈತೆ. ಮೂರು ಕಾಲೂ ಬಿಡಿಸಿ ಕೊಡವಿರೋ ಕೂದ್ಲು ಇದು. ನೀನೇ ಬಿಚ್ಚಿದ್ದು ತಾನೆ?"

ದಿವ್ಯ ನೆಲ ನೋಡುತ್ತಾ ಹೇಳಿದಳು. "ಎಲ್ರೂ ಮುಖಕ್ಕೆ ಗಾಜು, ಬಾಯಿಗೆ ಕೊಳವೆ ಹಾಕ್ಕೊಂಡು ಮೀನು ನೋಡೋಕೆ ಇಳಿದ್ರಾ? ನಮ್ ಕ್ಲಾಸಿನ ಸುಕನ್ಯ ನನ್ ನೋಡಿ, ಏನೇ ಅದು ತಲೆ ಮೇಲೆ, ಉಪ್ಪಿನಕಾಯಿ ಜಾಡಿಗೆ ಕಟ್ಟಿದಂಗೈತೆ ಅಂದ್ಳು. ಎಲ್ರೂ ನಕ್ರು. ಬಿಚ್ಬಿಟ್ಟೆ. ಅಮ್ಮಂಗೆ ಹೇಳ್ಬೇಡ ಅಜ್ಜಿ."

ತಲೆಗೆ ಒಂದು ಮೊಟಕುತ್ತಾಳೆ ಎಂದು ದಿವ್ಯ ಕುತ್ತಿಗೆ ಕುಗ್ಗಿಸಿಕೊಂಡಳು. ಮೊಟಕಲಿಲ್ಲ.

"ಎಂಗಿತ್ತು?"

"ಏನು?"

"ಬಿಚ್ಚಿದ್ಮ್ಯಾಕೆ. ನೀರಾಗೆ."

ದಿವ್ಯ ಫೋನ್ ತೆಗೆದು ತೋರಿಸಿದಳು. ಹಸಿರು ನೀರು, ನಾಲ್ಕು ಮೀನು, ನಡುವೆ ಅವಳ ಕೂದಲು ಸುತ್ತಲೂ ಹರಡಿ ತೂಕವೇ ಇಲ್ಲದಂತೆ ನಿಂತಿತ್ತು. ಅಜ್ಜಿ ರೆಪ್ಪೆ ಬಡಿಯದೆ ನೋಡಿದಳು. ಪರದೆ ಆರಿಹೋಯಿತು. ಎಣ್ಣೆ ಬೆರಳಲ್ಲೇ ಅದನ್ನು ಕುಟ್ಟಿ, "ಇನ್ನೊಂದ್ಕಿತ ತೋರ್ಸು" ಎಂದಳು.

"ನಾನೂ ಬಿಚ್ಚಿದ್ದೆ ಕಣೆ, ಒಂದೇ ಕಿತ. ಮದುವೆಗಿನ್ನ ಎಂಟೇ ದಿನ. ಮಟಮಟ ಮಧ್ಯಾಹ್ನ, ಬಾವಿತಾವ ಎತ್ತೂ ಇಲ್ಲ, ಆಳೂ ಇಲ್ಲ. ಇನ್ಮ್ಯಾಕೆ ನಂಗೆ ಯಾವ ಬಾವಿ, ಯಾವ ಈಜು ಅನ್ನಿಸ್ಬುಡ್ತು. ಮೊಣಕಾಲುದ್ದ ಇತ್ತು ಜಡೆ. ಬಿಚ್ಚಾಕಿ ಅಂಗಾತ ಮಲಗಿದ್ದೆ. ಬಾವಿ ತುಂಬಾ ನಂದೇ ಕೂದ್ಲು."

"ಆಮೇಲೆ?"

"ಆಮೇಲೇನು, ಇದೇ ಸಿಕ್ಕು. ಕಪಿಲೆ ಅಗ್ಗಕ್ಕೆ ಸಿಕ್ಕಾಕ್ಕೊಂತು ಅಂತ ನಮ್ಮವ್ವಂಗೆ ಸುಳ್ಳೇಳ್ದೆ. ಅವ್ವ ಕುಡುಗೋಲು ತಗೊಂಡು ಕುಯ್ದಾಕಿದ್ಳು. ಅಸೆಮಣೆ ಮೇಲೆ ಇಷ್ಟುದ್ದ ಚೌರಿ ಗಂಟಾಕ್ಕೊಂಡು ಕೂತಿದ್ದೆ. ಮೂರು ದಿನ ನಿಮ್ ತಾತಂಗೆ ಗೊತ್ತೇ ಆಗ್ಲಿಲ್ಲ!"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿರುವಾಗಲೇ ಅರುಣಕುಮಾರಿ ಬಾಗಿಲಲ್ಲಿ ನಿಂತಿದ್ದಳು. ದಿವ್ಯಳ ಕಿವಿಯ ಹಿಂದೆ ಇನ್ನೊಂದು ಗಂಟು ಉಳಿದೇ ಇತ್ತು.

"ನಾನೇ ಸಡಿಲ ಕಟ್ಟಿದ್ದೆ ಕಣಮ್ಮ" ಅಂದಳು ದೊಡ್ಡಮುನಿಯಮ್ಮ ತಟ್ಟನೆ. "ಕೈಯಾಗೆ ಮೊದಲಿನ ಬಲ ಇಲ್ಲ."

ಅಜ್ಜಿಯ ಕೈಯ ಬಲ ದಿವ್ಯಳ ಕೂದಲಿನ ಬುಡಕ್ಕೆಲ್ಲ ಗೊತ್ತಿತ್ತು. "ಇಲ್ಲಮ್ಮ. ಅಜ್ಜಿ ಕಟ್ಟಿದ್ದು ಗಟ್ಟಿಯಾಗೇ ಇತ್ತು. ನಾನೇ ಬಿಚ್ಚಿದ್ದು."

ಅರುಣಕುಮಾರಿ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದಳು. ಹೊಲಿಗೆ ಮಿಷನ್ನಿನ ಮೇಲಿದ್ದ ಕತ್ತರಿ ತಂದಳು. ದಿವ್ಯ ಕಣ್ಣು ಮುಚ್ಚಿಕೊಂಡಳು. ಕಚಕ್ ಎಂದಿತು. ಬಿದ್ದದ್ದು ಕಿವಿಯ ಹಿಂದಿನ ಆ ಒಂದು ಗಂಟು ಮಾತ್ರ. "ಇನ್ನೊಂದ್ ಟೂರ್ ಅನ್ನು, ಆಗೈತೆ ನಿಂಗೆ" ಎಂದು ಅಮ್ಮ ಟೀ ಇಡಲು ಒಳಗೆ ಹೋದಳು.

ಫೋನ್ ಇನ್ನೂ ಅಜ್ಜಿಯ ಕೈಯಲ್ಲೇ ಇತ್ತು.

"ನಿಂಗಾದ್ರೆ ಫೋಟೋ ಐತೆ" ಅಂದಳು. "ನನ್ನ ಅಂಗೆ ನೋಡಿದ್ದು ಆ ಬಾವಿ ಒಂದೇ. ಓದ್ ವರ್ಸ ಲೇಔಟ್‌ನೋರು ಮಣ್ಣಾಕಿ ಅದನ್ನೂ ಮುಚ್ಬುಟ್ರು."