ಕ್ಯಾಮೆರಾದ ಹಸಿರು ದೀಪ

ಸಭಾಕೋಣೆಯ ಗೋಡೆಗೆ ಹಾಕಿದ್ದ ದೊಡ್ಡ ಪರದೆಯಲ್ಲಿ ಯಾರದೋ ಮಲಗುವ ಕೋಣೆ ಮೂಡಿತು. ಅಧಿಕಾರಿ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ನೋಡಿದಳು. ಮಂಚದ ಮೇಲಿನ ಹೊದಿಕೆಯ ಹರಿದ ಮೂಲೆಯನ್ನು ನೀಲಿ ದಾರದಲ್ಲಿ ಹೊಲಿದವಳು ಅವಳೇ.

"ಇದು ಯಾರ ಮನೆಯೋ ಏನೋ ಮೇಡಂ," ಎಂದ ತಪಾಸಣೆಯ ತಂತ್ರಜ್ಞ. "ಮನೆ ಕ್ಯಾಮೆರಾದ ಡಬ್ಬದ ಜೊತೆ ಬರೋ ಪಾಸ್‌ವರ್ಡನ್ನ ಯಾರೂ ಬದಲಾಯಿಸಲ್ಲ. ಅದನ್ನೇ ಹಾಕಿದೆ, ಒಳಗೆ ಬಿಟ್ಟುಬಿಡ್ತು. ನಾವು ನೋಡ್ತಿರುವಾಗ ಅಲ್ಲಿ ಹಸಿರು ದೀಪ ಉರಿಯತ್ತೆ, ಅಷ್ಟೇ." ಕ್ಯಾಮೆರಾ ಕಂಪನಿಯವರು ಕಾಫಿ ಹೀರುತ್ತಾ ನಕ್ಕರು. ಒಂದೊಂದು ಕ್ಯಾಮೆರಾಕ್ಕೂ ಬೇರೆ ಪಾಸ್‌ವರ್ಡ್ ಇರಲೇಬೇಕೆಂಬ ನಿಯಮವನ್ನು ಮುಂದೂಡಿ ಎಂದು ಸರ್ಕಾರಕ್ಕೆ ದುಂಬಾಲು ಬಿದ್ದಿದ್ದವರು ಇವರೇ. ಮುಂದೂಡುವ ಆದೇಶ ಅವಳ ಸಹಿಗೆ ಕಾಯುತ್ತಿತ್ತು. "ಜನ ಸ್ವಲ್ಪ ಎಚ್ಚರವಾಗಿದ್ರೆ ಆಯ್ತಪ್ಪ, ಅದಕ್ಕೂ ಕಾನೂನು ಬೇಕಾ?" ಎಂದು ಬೆಳಿಗ್ಗೆ ತಾನೇ ಕೇಳಿದ್ದಳು. ಅತ್ತೆಗೆ ಮರೆತುಹೋಗದಿರಲಿ ಎಂದು ಮನೆಯ ಕ್ಯಾಮೆರಾದ ಪಾಸ್‌ವರ್ಡನ್ನು ಬಂದ ಹಾಗೇ ಬಿಟ್ಟವಳೂ ಅವಳೇ.

"ಆಫ್ ಮಾಡಿ" ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಪರದೆಯಲ್ಲಿ ಅವಳ ಪುಟ್ಟ ಮಗಳು ಬಣ್ಣದ ಪೆನ್ಸಿಲು ಕೆಳಗಿಟ್ಟು ತಲೆಯೆತ್ತಿದಳು. ಹಸಿರು ದೀಪ ಕಂಡದ್ದೇ ಮುಖ ಅರಳಿತು. ಎದ್ದು ಹೋಗಿ ಅಡುಗೆಮನೆಯತ್ತ ಇಣುಕಿ, ಸದ್ದಾಗದಂತೆ ಬಾಗಿಲು ಮುಚ್ಚಿ, ಕ್ಯಾಮೆರಾಕ್ಕೆ ಮುಖವೊಡ್ಡಿ ನಿಂತಳು.

"ದೀಪದ ಮಾಮಾ, ಬಂದ್ಯಾ?" ಆ ಪಿಸುದನಿ ಇಡೀ ಸಭೆಗೆ ಕೇಳಿಸಿತು. "ಅಜ್ಜಿ ಅಡುಗೆಮನೇಲಿ ಇದಾರೆ. ನೀನು ಹೇಳಿದ್ಯಲ್ಲ, ಹಾಗೇ ಅಮ್ಮಂಗೆ ನಾನೇನೂ ಹೇಳಿಲ್ಲ."