ಬಂಗಲೆಯ ಗೌರಿ

ಹುಣಸೆಹಣ್ಣು ತಾಗಿದ ಕಡೆ ಗೌರಿಯ ಕೆನ್ನೆ ಬೆಳ್ಳಗಾಯಿತು.

ಜಾಹ್ನವಿಯ ಕೈ ನಿಂತಿತು. ಪಂಚಲೋಹವನ್ನು ಹುಣಸೆಹಣ್ಣು ಹಾಕಿ ತಿಕ್ಕಿದರೆ ಹೊಳೆಯಬೇಕು, ಹೀಗೆ ಬಿಳಿಚಿಕೊಳ್ಳುವುದಲ್ಲ. ಇನ್ನೊಮ್ಮೆ ತಿಕ್ಕಿದಳು. ಕಪ್ಪು ಬಣ್ಣ ಸಿಂಕಿನಲ್ಲಿ ಹರಿದುಹೋಯಿತು. ಉಗುರಿನಿಂದ ಕೆರೆದಳು. ಲೋಹವೇ ಇಲ್ಲ, ಗಟ್ಟಿ ಪ್ಲಾಸ್ಟಿಕ್ಕು!

"ಸಂದೀಪ್! ಬಾ ಇಲ್ಲಿ! ಆ ಹೆಂಗಸು ನಮಗೆ ಟೋಪಿ ಹಾಕಿದಾಳೆ!"

ಆ ಹೆಂಗಸು ಎಂದರೆ ಲೇಡಿ ಫಿಲಿಪಾ. ಇಂಗ್ಲೆಂಡಿನಲ್ಲಿ ಹ್ಯಾರೋಬೈ ಎಂಬ ಮುನ್ನೂರು ವರ್ಷದ ಬಂಗಲೆಯ ಒಡತಿ. ಎರಡು ವರ್ಷದ ಹಿಂದೆ ಅಮೆರಿಕದ ಇಸ್ಸಾಕ್ವಾ ಊರಿಗೆ ಬಂದು, ಸೋರುವ ಚಾವಣಿಯ ಚಿತ್ರ ತೋರಿಸಿ, ಬಂಗಲೆ ಉಳಿಸಿಕೊಡಿ ಎಂದು ಸಭೆಯ ಮುಂದೆ ಕಣ್ಣೀರಿಟ್ಟಿದ್ದಳು. ಅಮೆರಿಕದವರು ಲೊಚಗುಟ್ಟಿದರು. ಅವರದ್ದಿರಲಿ, ಜಾಹ್ನವಿಯ ಗೆಳತಿ, ಮೈಸೂರಿನ ಪ್ರತಿಭಾ ಕೂಡ "ಪಾಪ, ಅಷ್ಟು ದೊಡ್ಡ ಮನೆ ಮೇಂಟೇನ್ ಮಾಡೋದು ಅಂದ್ರೆ ಸುಮ್ನೇನಾ?" ಎಂದು ಆಕೆಯ ಪಕ್ಕ ನಿಂತು ಸೆಲ್ಫಿ ತೆಗೆದುಕೊಂಡಳು. ದೊರೆ ದೊರೆಸಾನಿಯರನ್ನು ಕಂಡರೆ ನಮ್ಮವರ ಬೆನ್ನು ತಾನಾಗಿ ಬಗ್ಗುತ್ತದೆ, ಏನು ಮಾಡೋಣ!

ಜಾಹ್ನವಿ ಬಗ್ಗಲಿಲ್ಲ. ಚಿತ್ರದಲ್ಲಿ ಬಂಗಲೆಯ ಬೆಂಕಿಗೂಡಿನ ಮೇಲೆ ಒಬ್ಬ ಗೌರಿ ನಿಂತಿದ್ದಳು. ಪೀಠದಲ್ಲಿ ಕನ್ನಡ ಅಕ್ಷರ. ಓದಿದರೆ ತನ್ನ ಅಜ್ಜಿಯ ಊರಿನ ಹೆಸರು! ತುಂಬಿದ ಸಭೆಯಲ್ಲಿ ಎದ್ದು ನಿಂತು, "ಚಾವಣಿ ಆಮೇಲೆ. ಮೊದಲು ನಮ್ಮ ದೇವರನ್ನು ಕೊಡಿ" ಎಂದಿದ್ದಳು.

ಅಂದಿನಿಂದ ಬಿಟ್ಟೂ ಬಿಡದೆ ಬೆನ್ನು ಹತ್ತಿದಳು. ಕೊನೆಗೆ ಹೋದ ತಿಂಗಳು ಲೇಡಿ ಫಿಲಿಪಾ ತಾನೇ ಗೌರಿಯನ್ನು ಮರದ ಪೆಟ್ಟಿಗೆಯಲ್ಲಿ ತಂದು, ಇಸ್ಸಾಕ್ವಾ ಪಕ್ಕದ ನ್ಯೂಕ್ಯಾಸಲ್‌ನ ಇವರ ಮನೆಗೆ ಒಪ್ಪಿಸಿದಳು. ಗಂಡ ಹೆಂಡತಿ ಏದುಸಿರು ಬಿಡುತ್ತ ಪೆಟ್ಟಿಗೆಯನ್ನು ಗ್ಯಾರೇಜಿಗೆ ಸಾಗಿಸಿದ್ದರು. ಹೊರಡುವಾಗ ಆಕೆ, "ದಯವಿಟ್ಟು ಇವಳನ್ನು ಉಜ್ಜಬೇಡಿ. ಆ ಕಪ್ಪು ಇವಳ ವಯಸ್ಸು" ಎಂದಿದ್ದಳು.

"ಕೊಟ್ಟ ಮೇಲೂ ದರ್ಪ ನೋಡು" ಎಂದು ಜಾಹ್ನವಿ ನಕ್ಕಿದ್ದಳು. ಸಂದೀಪ್ ನಕ್ಕಿರಲಿಲ್ಲ.

ಅವನ ಸ್ವಭಾವವೇ ಹಾಗೆ. ಮುಕಿಲ್ಟಿಯೊ ಹತ್ತಿರ ವಿಮಾನದ ಕಾರ್ಖಾನೆಯಲ್ಲಿ ಕೆಲಸ. ಬಿಡಿಭಾಗಗಳನ್ನು ಅಳೆದು ಥೇಟ್ ಅದೇ ರೂಪದ ಮಾದರಿ ಮಾಡುವವನು. ಹಳೆಯ ವಸ್ತುವೆಂದರೆ ಜೀವ ಬಿಡುತ್ತಾನೆ. "ಕದ್ದಿದ್ದು ನಿಜ, ಜಾನು. ಆದ್ರೆ ಚೆನ್ನಾಗಿ ಇಟ್ಕೊಂಡಿದಾರಲ್ಲ" ಎಂದು ಒಮ್ಮೆ ಬಾಯಿತಪ್ಪಿ ಅಂದು, ವಾರವಿಡೀ ಮಾತಿಲ್ಲದ ಊಟ ಉಂಡಿದ್ದ.

ನಾಳೆ ಗೌರಿ ಹಬ್ಬ. ಸುತ್ತಮುತ್ತಲ ಕನ್ನಡದವರೆಲ್ಲ ಇಸ್ಸಾಕ್ವಾದ ಸಭಾಂಗಣಕ್ಕೆ ಬರುತ್ತಾರೆ, ಜಾಹ್ನವಿ ಗೆದ್ದು ತಂದ ಗೌರಿಯನ್ನು ನೋಡಲು. ಹಬ್ಬ ಹತ್ತಿರ ಬರುವ ತನಕ ಪೆಟ್ಟಿಗೆ ಬಿಚ್ಚಬಾರದು ಎಂದು ಅವಳೇ ಕಟ್ಟಪ್ಪಣೆ ಮಾಡಿದ್ದಳು. ನಿನ್ನೆ ಸಂಜೆ ಸಂದೀಪ್ ಬಿಚ್ಚಿ, ದೇವಿಯನ್ನು ಒಳಗೆ ತಂದು ಕೂರಿಸಿದ್ದ.

ಹಬ್ಬದ ಹಿಂದಿನ ದಿನ ದೇವರ ವಿಗ್ರಹ ಹುಣಸೆಹಣ್ಣು ಕಾಣದೆ ಇರುತ್ತದೆಯೇ? ಅಜ್ಜಿ ತಿಕ್ಕುತ್ತಿದ್ದರು, ಅಮ್ಮ ತಿಕ್ಕುತ್ತಿದ್ದರು. ಅಜ್ಜಿಯ ಪುಟ್ಟ ಗೌರಿ ಈಗಲೂ ಇವರ ದೇವರಮನೆಯಲ್ಲಿ ಕನ್ನಡಿಯಂತೆ ಹೊಳೆಯುತ್ತಾಳೆ. ಇವತ್ತು ಬೆಳಿಗ್ಗೆ ಜಾಹ್ನವಿ ಬಂಗಲೆಯ ಗೌರಿಯನ್ನು ಒಬ್ಬಳೇ ಎತ್ತಿ ಸಿಂಕಿಗೆ ತಂದಿದ್ದಳು. ನಮ್ಮವರ ಮಧ್ಯೆ ಬಂದ ಸಂತೋಷಕ್ಕೆ ದೇವಿ ಹಗುರಾಗಿದ್ದಾಳೆ ಎಂದುಕೊಂಡಿದ್ದಳು, ಹುಚ್ಚಿ.

ಸಂದೀಪ್ ಬಂದು ಸಿಂಕನ್ನು ನೋಡಿದ. "ಉಜ್ಜಿಬಿಟ್ಯಾ?" ಅಂದ, ಸಣ್ಣ ದನಿಯಲ್ಲಿ.

"ಉಜ್ಜಿದ್ದಕ್ಕೇ ಬಣ್ಣ ಬಯಲಾಯ್ತು! ಅದಕ್ಕೇ ಬೇಡ ಅಂದಿದ್ಲು ಕಳ್ಳಿ! ನಾಳೆ ಯಾವ ಮುಖ ಇಟ್ಕೊಂಡು ಹೋಗ್ಲಿ ನಾನು? ಆ ಪೆಟ್ಟಿಗೆ ಎಲ್ಲಿ? ಅದ್ರ ಮೇಲೆ ಬಂಗಲೆ ಹೆಸರಿದೆ, ಸಾಕ್ಷಿಗೆ ಬೇಕು."

"ಪೆಟ್ಟಿಗೆ ಹೋಯ್ತು, ಜಾನು."

"ಎಲ್ಲಾನೂ ರೀಸೈಕಲ್‌ಗೆ ಹಾಕು ನೀನು!"

ಜಾಹ್ನವಿಗೆ ಅಳು ನುಗ್ಗಿ ಬಂತು. ಅಷ್ಟು ಹೋರಾಡಿದ್ದು ಈ ಪ್ಲಾಸ್ಟಿಕ್ಕಿಗೆ! ಎಲ್ಲಕ್ಕಿಂತ ಹೆಚ್ಚಾಗಿ, ಕೊನೆಗೆ ಆಕೆಯನ್ನು ನಂಬಿದ್ದಳು. ಅರಿಶಿನ ಕುಂಕುಮ, ಸೀರೆ ಕೊಟ್ಟು, ಮಡಿಲು ತುಂಬಿ ಕಳಿಸಿದ್ದಳು. ಅದು ನೆನಪಾಗಿ ಮೈಯೆಲ್ಲ ಉರಿಯಿತು.

ಫೋನ್ ತೆಗೆದಳು.

"ಕಾಲ್ ಮಾಡ್ಬೇಡ. ಮೊದ್ಲು ನನ್ನ ಮಾತು ಕೇಳು" ಎಂದು ಸಂದೀಪ್ ಕೈ ಚಾಚಿದ. ಅಷ್ಟರಲ್ಲಿ ಆಚೆಯಿಂದ ಲೇಡಿ ಫಿಲಿಪಾಳ ದನಿ ಕೇಳಿಸಿತು.

"ನಮ್ಮ ಗೌರಿ ಎಲ್ಲಿ? ನಿಜವಾದ ಗೌರಿ?" ಜಾಹ್ನವಿ ಇಂಗ್ಲಿಷಿನಲ್ಲಿ ಕೂಗಿದಳು.

"ಇಲ್ಲೇ, ನನ್ನ ಕಣ್ಣೆದುರಿಗೇ ಇದ್ದಾಳೆ," ಎಂದಳು ಆಕೆ ಅಕ್ಕರೆಯಿಂದ. "ಕ್ಷೇಮವಾಗಿದ್ದಾಳೆ. ನಿಮ್ಮ ದೊಡ್ಡ ಮನಸ್ಸನ್ನು ನಾನು..."

ಜಾಹ್ನವಿ ಪಟ್ಟನೆ ಕಾಲ್ ಕಟ್ ಮಾಡಿದಳು. "ಕೇಳಿಸ್ಕೊಂಡ್ಯಾ? ನಾಚಿಕೆ ಇಲ್ದೆ ಒಪ್ಕೊಂಡ್ಲು! ಇವರ ವಂಶಾನೇ ಇಷ್ಟು. ಆಗ ಕದ್ರು, ಈಗ ಕೊಟ್ಟ ಹಾಗೆ ಮಾಡಿ ಮತ್ತೆ ಕದ್ರು. ತಡಿ, ಈಗ್ಲೇ ಗ್ರೂಪಿಗೆ ಹಾಕ್ತೀನಿ. ಎಲ್ರಿಗೂ ಗೊತ್ತಾಗ್ಲಿ."

ಬೆರಳು ಫೋನಿನ ಮೇಲೆ ಓಡತೊಡಗಿತು. ಸಂದೀಪ್ ದೇವರಮನೆಗೆ ಹೋದ. ಅಜ್ಜಿಯ ಪುಟ್ಟ ಗೌರಿಯನ್ನು ತಂದು ಅವಳ ಮುಂದಿಟ್ಟ. ಹಬ್ಬ ಹಬ್ಬಕ್ಕೂ ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ, ಆ ಮುಖದಲ್ಲಿ ಈಗ ಕಣ್ಣಿರಲಿಲ್ಲ, ಮೂಗಿರಲಿಲ್ಲ. ಬರೀ ಹೊಳಪಿತ್ತು.

"ಆ ಗೌರಿಗಾದ್ರೂ ಕಣ್ಣು ಉಳೀಲಿ ಅಂತ ನಾನೇ ವಾಪಸ್ ಕಳಿಸ್ದೆ, ಜಾನು."