ತಿಪ್ಪೆಯ ತಳ

ಮಣ್ಣು ಪರೀಕ್ಷೆಯ ಕಚೇರಿಗೆ ನೀಲವ್ವ ಉಗುರಿನ ತುಂಬ ಗೊಬ್ಬರ ಮೆತ್ತಿಕೊಂಡೇ ಬಂದಿದ್ದಳು.

“ತಿಪ್ಯಾಗ ಹಸಿ ಎಲಿ ಎಷ್ಟ ದಿನಕ್ಕ ಕೊಳೀತಾವ್ರಿ, ಸಾಹೇಬ್ರ?”

“ಒಂದೆರಡು ತಿಂಗಳು.”

“ಜ್ವಾಳದ ಕಣಕಿ?”

“ವರ್ಷ ಬೇಕವ್ವ. ಕಟಗಿ ಆದ್ರ ಇನ್ನೂ ತಡ.”

ಅವಳು ಮೇಜಿನ ಹತ್ತಿರ ಸರಿದಳು. “ಹೆಣ್ಮಗಳ ಕೂದ್ಲ, ಎಲುಬ?”

ಅಧಿಕಾರಿ ಪೆನ್ನು ಕೆಳಗಿಟ್ಟರು. “ಯಾಕವ್ವ?”

“ಮಗಳು ಯಾರ ಜೋಡಿನೋ ಓಡಿಹೋದ್ಲು ಅಂತಾನ ಅಳಿಯ. ಮೂರ ತಿಂಗಳಾತು. ಕುಡದ್ರ ಕೊಲ್ಲಾಕ ಬರ್ತಿದ್ದ. ಅವನ ತಿಪ್ಪಿ ತಳದತನಕ ಕೆದರಿ ನೋಡೀನ್ರಿ, ಏನೂ ಸಿಗಲಿಲ್ಲ. ಕೊಳತ ಹೋಗಿರಬೇಕೇನ್ರಿ?”

“ಇಲ್ಲವ್ವ. ಅವು ವರ್ಷಗಟ್ಟಲೆ ಉಳಿತಾವ. ಅಲ್ಲಿ ಯಾರನ್ನೂ ಹುಗದಿಲ್ಲ.”

ನೀಲವ್ವ ಅಲ್ಲೇ ಕೂತು ಬಿಕ್ಕಿಬಿಕ್ಕಿ ಅತ್ತಳು.

ಅಂದು ಸಂಜೆ ಓಣಿಯ ಮನೆಮನೆಗೂ ಸಕ್ಕರೆ ಹಂಚುತ್ತ ಹೇಳಿದಳು: “ನನ್ನ ಮಗಳು ಓಡಿಹೋಗ್ಯಾಳ.”